ಒಂದು ಮುಳುಗು, ಒಂದು ತೇಲು

ಇಸವಿ ಎರಡು ಸಾವಿರದ ನಾನೂರ ಹತ್ತೊಂಬತ್ತು, ಶ್ರಾವಣ ಮೂವತ್ತೆರಡು.

ಹಿಂದಿನ ಕಾಲದ ನಿಮಗೆಲ್ಲ ನಮಸ್ಕಾರ. ನಮ್ಮ ತಿಂಗಳುಗಳು ಈಗ ಉದ್ದವಾಗಿವೆ, ತಾರೀಖು ನೋಡಿ ನಗಬೇಡಿ. ಮಾತುಗಳೂ ಕೆಲವು ಹೊಸವು. ಬಂದಲ್ಲಿ ಬಿಡಿಸಿ ಹೇಳುತ್ತೇನೆ, ಮನ್ನಿಸಿ. ಈ ಕಥೆ ಮೊದಲು ಹೇಳಿದವಳು ಬೀಜದಮನೆಯ ಸಂಕವ್ವ. ಒಂಟಿಗಾಡಿಗಳೆಲ್ಲ ಒಮ್ಮೆಗೇ ಕೆಟ್ಟುನಿಂತ ವರ್ಷ, ಮನೆಗೆ ಹೋಗಲಾಗದೆ ಬೇವಿನ ಮರದ ಕೆಳಗೆ ಕೂತ ಹೆಂಗಸರಿಗೆ ಹೇಳಿದಳು. ಒಂಟಿಗಾಡಿಯೆಂದರೆ ಒಬ್ಬರೇ ಕೂರುವ, ತಾನೇ ಓಡುವ ಗಾಡಿ. ಆ ಹೆಂಗಸರಲ್ಲಿ ನಮ್ಮಜ್ಜಿಯೂ ಇದ್ದಳು.

ಬೀಜದಮನೆಯಲ್ಲಿ ನಾವು ಮುಂದಿನವರಿಗೆಂದು ಜೋಳ, ನವಣೆ, ಸಜ್ಜೆಯ ಬೀಜ ಆರಿಸಿ ಇಡುತ್ತೇವೆ. ಕೋಣೆಗಳು ಬೆರಳು ಮರಗಟ್ಟುವಷ್ಟು ತಣ್ಣಗಿರುತ್ತವೆ. ಒಂದು ಕೋಣೆಗೆ ಒಬ್ಬರೇ. ಉಸಿರು ಹೆಚ್ಚಾದರೆ ಬೀಜಕ್ಕೆ ಪಸೆ ಹಿಡಿಯುತ್ತದೆ. ಒಳಗೆ ತೊಟ್ಟಿಯ ನೀರಿನಲ್ಲಿ ತಳಕ್ಕೆ ತೂತಿರುವ ತಾಮ್ರದ ಬಟ್ಟಲು ತೇಲಿಬಿಡುತ್ತೇವೆ. ಅದು ತುಂಬಿ ಮುಳುಗುವ ತನಕ ಕೆಲಸ. ಅದಕ್ಕೆ ಮುಳುಗು ಎನ್ನುತ್ತೇವೆ. ಆಮೇಲೆ ಬೀಜ ಮುಚ್ಚಿಟ್ಟು, ಜಗಲಿಗೆ ಬಂದು, ಅಲ್ಲಿಯ ನೀರಿನಲ್ಲಿ ಸಣ್ಣ ಬಟ್ಟಲು ಬಿಡುತ್ತೇವೆ. ಅದು ತೇಲುತ್ತಿರುವಷ್ಟು ಹೊತ್ತು ಬಿಡುವು, ಅದಕ್ಕೆ ತೇಲು ಎನ್ನುತ್ತೇವೆ. ಈ ಕ್ರಮವನ್ನು ನಾನು ಹಳಿಯಲಾರೆ. ಕಣ್ಣು ದಣಿಯುವ ಮೊದಲೇ ಏಳುವುದರಿಂದ ಹುಳುಕು ಬೀಜ ತಪ್ಪಿಯೂ ಒಳಗೆ ಸೇರುವುದಿಲ್ಲ. ಆದರೆ ಅಕ್ಕಪಕ್ಕದವರು ಹರಟೆಗೆ ಕೂತರೆ ತೇಲು ಉದ್ದವಾದೀತೆಂದು ಹಿರಿಯರು ಒಬ್ಬರ ತೇಲನ್ನು ಇನ್ನೊಬ್ಬರ ಮುಳುಗಿನ ನಡುವೆ ಇಟ್ಟರು. ಜಗಲಿಯಲ್ಲಿ ಯಾವಾಗಲೂ ಒಬ್ಬರೇ.

ಸಂಕವ್ವ ಆ ಜಗಲಿಯ ಕಲ್ಲಿನ ಮೇಲೆ ಆಡು-ಹುಲಿ ಆಟದ ಮನೆ ಗೀಚಿ, ಮೂರು ಬೆಣಚುಕಲ್ಲನ್ನು ಹುಲಿಯೆಂದು ಇಟ್ಟಳು. ಮುಂದಿನ ತೇಲಿಗೆ ಬಂದರೆ ಯಾರೋ ಒಂದು ಹುಣಸೆಬೀಜ ಇಟ್ಟಿದ್ದರು. ಅದು ಆಡು. ಇವಳು ಹುಲಿ ನಡೆಸಿದಳು. ಹೀಗೆ ತೇಲಿಗೊಂದು ನಡೆಯಂತೆ ಆಟ ಬೆಳೆಯಿತು. ಆ ಕಡೆಯವರು ಎಡಗೈಯವರು, ಎಲೆಯಡಿಕೆ ಹಾಕುವವರು, ಸೋತರೆ ಕಾಯಿಗಳನ್ನು ಸಿಟ್ಟಿನಲ್ಲಿ ಚೆಲ್ಲುವವರು ಎಂದು ಕಲ್ಲಿನ ಮೇಲೆ ಉಳಿದ ಗುರುತುಗಳಿಂದ ಸಂಕವ್ವನಿಗೆ ಗೊತ್ತಾಯಿತು. ಮುಖವೊಂದು ಗೊತ್ತಿರಲಿಲ್ಲ.

ಸಂಕವ್ವನ ಇಲ್ಲಿಯ ಸರದಿ ಮುಗಿಯುವ ದಿನ ಬಂತು. ಸಂಜೆಗೆ ತುಂಗಭದ್ರೆಯಾಚೆಯ ಬೀಜದಮನೆಗೆ ಹೊರಡಬೇಕು. ಒಮ್ಮೆಯಾದರೂ ಆ ಮುಖ ನೋಡಬೇಕೆಂದು, ತನ್ನ ತೇಲು ತಡವಾಗಿ ಆಚೆಯವರ ತೇಲಿಗೆ ಕೂಡಲೆಂದು, ಅವಳು ಮುಳುಗಿನ ಬಟ್ಟಲಿನ ತೂತಿಗೆ ಚೂರು ಮೇಣ ಮೆತ್ತಿದಳು. ಬಟ್ಟಲು ನಿಧಾನ ಮುಳುಗಿತು, ತೇಲು ತಡವಾಗಿ ಬಂತು. ಹೊರಗೆ ಬಂದರೆ ಜಗಲಿ ಖಾಲಿ. ಆಚೆಯವಳೂ ಅದೇ ದಿನ, ಅದೇ ಆಸೆಗೆ, ತನ್ನ ಬಟ್ಟಲಿಗೆ ಮೇಣ ಮೆತ್ತಿದ್ದಳೆಂದು ಆಮೇಲೆ ತಿಳಿಯಿತು.

ಗಾಡಿ ಬಂದು ನಿಂತಿತ್ತು. ಸಂಕವ್ವ ಪಕ್ಕದ ಬಾಗಿಲು ಬಡಿದಳು.

“ಯಾರವ್ವಾ ಅದು? ನಾ ಮುಳುಗಿನ್ಯಾಗ ಅದೀನಿ.”

“ಹುಲಿ ಆಡ್ಸಾಕಿ. ನಿನ್ನ ಹೆಸರೇನಬೇ?”

“ಹುಲಿಗೆವ್ವ.”

“ಹೆಸರು ಹುಲಿದು, ಆಡ್ಸೋದು ಆಡು. ಹೊರಗ ಬಾ. ನಂದು ಗಾಡಿ ಬಂದೈತಿ.”

“ಬೀಜ ಹರವೀನಿ ಯಕ್ಕಾ. ಹಂಗ ಬಾಗ್ಲಾ ತೆಗದ್ರ ಬೆವರ್ತಾವು. ಬಳದು ಮುಚ್ಚತೀನಿ, ತಡಿ.”

ಒಳಗೆ ಬೀಜ ಬಳಿದು ಒಟ್ಟುಮಾಡುವ ಸದ್ದು ಶುರುವಾಯಿತು. ಒಂಟಿಗಾಡಿ ಯಾರಿಗೂ ಕಾಯುವುದಿಲ್ಲ. ಸಂಕವ್ವ ಒಂದು ಕಾಲು ಗಾಡಿಯೊಳಗಿಟ್ಟು ಕೂಗಿ ಕೇಳಿದಳು.

“ನೋಡಾಕ ಹೆಂಗದೀಯಬೇ ನೀ?”

“ಕರ್ರಗದೀನಿ. ಉದ್ದಕ. ಹಲ್ಲು ಮುಂದ. ನೀನು?”

“ನಂದೂ ಹಲ್ಲು ಮುಂದ.”

ಇಬ್ಬರೂ ನಕ್ಕರು. ಗಾಡಿ ತಿರುವು ದಾಟುವಾಗ ಬಾಗಿಲು ತೆರೆದ ಸದ್ದು ಕೇಳಿಸಿತಂತೆ. ಒಂಟಿಗಾಡಿಗೆ ಹಿಂದೆ ನೋಡುವ ಕಿಟಕಿ ಇರುವುದಿಲ್ಲ.

ನೀವೂ ಹೊತ್ತು ಅಳೆದು ದುಡಿಯುತ್ತೀರಿ, ಹೊತ್ತು ಅಳೆದು ಏಳುತ್ತೀರಿ ಎಂದು ಕೇಳಿದ್ದೇನೆ. ಅಳೆಯಿರಿ, ಒಳ್ಳೆಯದೇ. ಪಕ್ಕದವರ ಬಿಡುವನ್ನೂ ನಿಮ್ಮ ಬಿಡುವಿನ ಹೊತ್ತಿಗೇ ಇಟ್ಟುಕೊಳ್ಳಿ, ಅಷ್ಟು ಕೇಳಿಕೊಳ್ಳುತ್ತೇನೆ. ನಮ್ಮಲ್ಲಿ ಅದನ್ನು ತಿದ್ದಲು ಇನ್ನೂ ಆಗಿಲ್ಲ.

ಬೇವಿನ ಕೆಳಗೆ ಕಥೆ ಕೇಳಿದವರು ಅವತ್ತು ರಾತ್ರಿ ಅಲ್ಲೇ ಮಲಗಿದರಂತೆ. ಮರುದಿನ ಬೆಳಿಗ್ಗೆ ಎದ್ದು ಕೆಲಸಕ್ಕೆ ಹೊರಟ ಒಬ್ಬೊಬ್ಬಳೂ ತನ್ನ ಕೋಣೆಗೆ ಹೋಗುವ ಮೊದಲು ಪಕ್ಕದ ಮುಚ್ಚಿದ ಬಾಗಿಲ ಮುಂದೆ ನಿಂತಳು. ನಮ್ಮಜ್ಜಿ ಸೆರಗು ಸರಿಮಾಡಿಕೊಂಡು, “ನಾ ಗಿಡ್ಡಕದೀನಿ. ಎಡಗಣ್ಣು ಚೂರು ಮೆಳ್ಳ,” ಎಂದು ಬಾಗಿಲಿಗೆ ಹೇಳಿ, ತನ್ನ ಕೋಣೆಗೆ ಹೋಗಿ ಬೀಜ ಹರವಿಕೊಂಡು ಕೂತಳು.