ಬೆಳಿಗ್ಗೆ ನೋಡದ ಕಲೆಗಳು

ಮಾರ್ಚ್ ೯, ಭಾನುವಾರ

ನನ್ನ ಅಕ್ಕನಿಗೆ,

ಪುಟ್ಟಿಗೆ ಸಂಜೆ ಟ್ಯೂಷನ್ ಇದೆ, ಇನ್ನು ನಿಮ್ಮ ಮನೆಗೆ ಬರುವುದಿಲ್ಲ ಎಂದಿದ್ದೆನಲ್ಲ, ಅದು ಸುಳ್ಳು. ಎರಡು ತಿಂಗಳಿಂದ ನಿನ್ನ ಫೋನು ಎತ್ತದಿರುವುದಕ್ಕೂ ಕೆಲಸದ ಒತ್ತಡ ಕಾರಣವಲ್ಲ.

ಶಾಲೆ ಮುಗಿಸಿ ಸಂಜೆಯವರೆಗೆ ನಿನ್ನ ಹತ್ತಿರ ಇದ್ದು ಬಂದವಳ ಕೈಕಾಲಲ್ಲಿ ನೀಲಿ ಕಲೆಗಳಿದ್ದವು. ತಲೆಯಲ್ಲಿ ನಾಣ್ಯದಗಲ ಬೋಳು, ಯಾರೋ ಕೂದಲು ಕಿತ್ತ ಹಾಗೆ. ಫ್ಯಾಕ್ಟರಿಯಲ್ಲಿ ಕನ್ನಡಕದ ಗಾಜಿನಲ್ಲಿ ಗೀರು ಹುಡುಕುವುದೇ ನನ್ನ ಹೊಟ್ಟೆಪಾಡು. ಮನೆಯಲ್ಲೂ ಅದನ್ನೇ ಮಾಡಿದೆ. ಒಂದೊಂದು ಕಲೆಯನ್ನೂ ಸ್ಕೇಲಿನಲ್ಲಿ ಅಳೆದು, ತಾರೀಖು ಹಾಕಿ ಪುಸ್ತಕದಲ್ಲಿ ಬರೆದಿಟ್ಟೆ. ಎಲ್ಲವೂ ನಿನ್ನ ಮನೆಯಿಂದ ಬಂದ ಸಂಜೆಗಳೇ. "ಏನೇ ಇದು, ಪೊಲೀಸ್ ಕೆಲಸಕ್ಕೆ ಸೇರಿದ್ಯಾ?" ಎಂದು ಅವಳಪ್ಪ ನಕ್ಕರು. ನನಗೆ ನಗು ಬರಲಿಲ್ಲ. ನೀನೇ ಹೊಡೆಯುತ್ತೀಯ ಎಂದುಕೊಂಡಿದ್ದೆ, ಅಕ್ಕ.

ಅವಳನ್ನು ಕಳಿಸುವುದನ್ನು ನಿಲ್ಲಿಸಿದೆ. ಅಳೆಯುವುದನ್ನೂ. ವಾರದೊಳಗೆ ಅವಳ ಮೂಗಿನಿಂದ ಸುರಿದ ರಕ್ತ ನಿಲ್ಲಲೇ ಇಲ್ಲ. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನನ್ನ ಆ ಪುಸ್ತಕ ತಿರುವಿ, "ಬೆಳಿಗ್ಗೆ ಯಾವತ್ತಾದ್ರೂ ನೋಡಿದ್ರಾ?" ಎಂದರು. ನೋಡಿರಲಿಲ್ಲ. ಒಂದು ದಿನವೂ.

ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಒಂದೂವರೆ ಲಕ್ಷ ದಾಟಿರಬೇಕಾದಲ್ಲಿ ಹನ್ನೆರಡು ಸಾವಿರವಿತ್ತು. ಯಾರೂ ಹೊಡೆಯದೆಯೇ ಕಲೆ ಮೂಡುವುದು ಅದಕ್ಕಂತೆ. ರೋಗಗಳಿಂದ ಮೈಯನ್ನು ಕಾಯುವ ಕಾವಲೇ ಅವುಗಳನ್ನು ಪರಕೀಯವೆಂದು ಭಾವಿಸಿ ಕೊಲ್ಲುತ್ತಿತ್ತು. ಕೂದಲ ಬುಡದಲ್ಲೂ ಅಂಥದೇ ತಪ್ಪು. ಎರಡೂ ಒಂದೇ ಮಗುವಿಗೆ ಬರುವುದು ಅಪರೂಪವಂತೆ. ಸೂಕ್ಷ್ಮದರ್ಶಕದಲ್ಲಿ ಅವಳ ರಕ್ತ ತೋರಿಸಿದರು. ಹದಿನೆಂಟು ವರ್ಷ ಗಾಜು ನೋಡಿದ ಕಣ್ಣಿದು, ಅಷ್ಟು ಚೆಂದವನ್ನು ಕಂಡಿರಲಿಲ್ಲ. ಉಳಿದ ಪ್ಲೇಟ್‌ಲೆಟ್‌ಗಳು, ಅಲ್ಲೊಂದು ಇಲ್ಲೊಂದು ನೇರಳೆ ಚುಕ್ಕೆ. ಅಷ್ಟನ್ನೇ ಇಟ್ಟುಕೊಂಡು ಪುಟ್ಟಿ ಓಡಾಡಿಕೊಂಡಿದ್ದಳು. ಆ ಕಾವಲು ಅವಳು ಹುಟ್ಟಿದಾಗಿನಿಂದ ಎಂಟು ವರ್ಷ, ಕ್ಷಣಕ್ಷಣವೂ, ನನಗೆ ತಿಳಿಯದಂತೆ ತನ್ನವರನ್ನು ತಪ್ಪದೆ ಗುರುತು ಹಿಡಿದಿತ್ತಲ್ಲ!

ಪುಟ್ಟಿ ಮಾತ್ರ, "ಪಾಪ, ಆ ಕಾವಲಿಗೆ ಕಣ್ಣು ಕಾಣಲ್ಲ ಅಷ್ಟೆ. ನಿನ್ನ ಫ್ಯಾಕ್ಟರಿಯಿಂದ ಒಂದು ಕನ್ನಡಕ ತಂದ್ಕೊಡಮ್ಮ" ಎಂದಳು.

ಪ್ಲೇಟ್‌ಲೆಟ್ ಈಗ ಎಂಬತ್ತು ಸಾವಿರ. ಮತ್ತೆ ಇಳಿಯಲೂಬಹುದು. ಕೂದಲ ಬೇರು ಸತ್ತಿಲ್ಲವಂತೆ, ಸುಮ್ಮನೆ ಕಾಯುತ್ತದಂತೆ. ನಿನ್ನೆ ಬೋಳಿನ ನಡುವೆ ಬಿಳಿ ನವಿರು ಕೂದಲು ಕಂಡೆ. ಮುಟ್ಟಲು ಧೈರ್ಯ ಬರಲಿಲ್ಲ.

ಇದೆಲ್ಲ ತಿಳಿದು ಏಳು ವಾರವಾಯಿತು. ಯಾವ ಮುಖವಿಟ್ಟುಕೊಂಡು ಬರೆಯಲಿ ಎಂದು ಸುಮ್ಮನಿದ್ದೆ. ಕ್ಷಮಿಸಲು ಆಗದಿದ್ದರೂ ಅವಳಿಗಾಗಿ ಬಾ.

ನಿನ್ನ ತಂಗಿ

ಇನ್ನೊಂದು ಮಾತು: ಕವರು ಅಂಟಿಸುವಾಗ ಪುಟ್ಟಿ ಬಾಯಿ ಬಿಟ್ಟಳು. ನೀನೂ ಅವಳ ಕೈ ಹಿಡಿದು, "ಅಮ್ಮ ಹೊಡೀತಾಳೇನೇ?" ಎಂದು ಕೇಳಿದ್ದೆಯಂತೆ. ಹಾಗಾದರೆ ನಿಮ್ಮ ಮನೆಗೆ ಬರುವಾಗಲೇ ಕಲೆಗಳಿದ್ದವು. ಬರುವಾಗ ನಿನ್ನ ಬಾಚಣಿಗೆ ತಾ. ಆ ನವಿರನ್ನು ಮೊದಲು ದೊಡ್ಡಮ್ಮನೇ ಬಾಚಬೇಕಂತೆ.