ನಾಯಿ ಆಯಕ್ಕ ಬಿದ್ದ ಅಂಗಡಿ

ಹಾನಗಲ್ಲ, ಬೇಸ್ತವಾರ
ತಾರೀಖು 9 ಫೆಬ್ರುವರಿ 1939

ಪ್ರೀತಿಯ ಮಗಳು ಗುತ್ತೆವ್ವಗ, ನಿಮ್ಮಪ್ಪ ಕರಬಸಪ್ಪ ಬರದದ್ದು.

ನಿನ್ನ ತಬ್ಯತ್ತು ಹೆಂಗೈತಿ, ಮೊದಲ ಅದನ್ನ ತಿಳಸು. ಹೋದ ಸಂತಿಗೆ ಹಿರೇಕೆರೂರಿಂದ ಬಂದ ಮೆಣಸಿನಕಾಯಿ ವ್ಯಾಪಾರಿ ನಿನಗ ಕೆಮ್ಮು ಹತ್ತೇತಿ ಅಂತ ಹೇಳಿದ. ಯಾವಾಗಿಂದ, ಒಣಾ ಕೆಮ್ಮೋ ಕಫದ ಕೆಮ್ಮೋ ಅಂತ ಕೇಳಿದರ ಅವಗ ಗೊತ್ತಿಲ್ಲ. ಅರ್ಧಾ ಸುದ್ದಿ ತರೋ ಮಂದಿ ಸುದ್ದಿ ತರಬಾರದು. ಅವತ್ತಿಂದ ನಿಮ್ಮವ್ವ ಜೇಷ್ಠಮಧು ಕುಟ್ಟಿ ಗಂಟು ಕಟ್ಟಿ ಇಟ್ಟಾಳ, ಯಾರ ಕೂಡ ಕಳಸೂದು ಅಂತ ದಿನಾ ನನ್ನ ಜೀವಾ ತಿಂತಾಳ. ನಿಮ್ಮ ಚಿಗವ್ವ ಫಕ್ಕೀರವ್ವನ ಮೊಣಕಾಲ ನೋವು ಕಡಿಮಿ ಆತೋ ಇಲ್ಲೋ. ಅಕಿ ಮನ್ಯಾಗ ನೀ ಇದ್ದೀ ಅಂತ ಎಲ್ಲಾ ಕೆಲಸ ನಿನ್ನ ಮ್ಯಾಲೆ ಹಾಕಿ ಕುಂತಿರಬೇಕು. ನಾವಿಲ್ಲಿ ಆರಾಮ ಇದ್ದೇವಿ. ನಾ ಎರಡನೇ ಇಯತ್ತೆಗೆ ಸಾಲಿ ಬಿಟ್ಟಾಂವ, ಅಕ್ಷರ ಡೊಂಕ ಇದ್ದರ ನೀನ ಕಣ್ಣು ಡೊಂಕ ಮಾಡಿಕೊಂಡು ಓದು. ಬ್ಯಾರೆಯವರ ಕಡಿಂದ ಬರಸಬಹುದಾಗಿತ್ತು, ಆದರ ಬರಿಯಾಂವ ನಾ ಹೇಳಿದ್ದಕ್ಕಿಂತ ಮೆತ್ತಗ ಬರೀತಾನ, ಅದು ನನಗ ಸೇರಂಗಿಲ್ಲ.

ಕಾರಹುಣ್ಣಿಮಿ ಮುಗದ ಮ್ಯಾಲೆ ನೀ ಟ್ರಂಕು ತುಗೊಂಡು ಹ್ವಾದಿ. ಆಮ್ಯಾಲೆ ನೀ ಒಂದು ಕಾಗದ ಬರೀಲಿಲ್ಲ, ನಾನೂ ಬರೀಲಿಲ್ಲ. ಸರಿಗೆ ಸರಿ ಆತು. ಈಗ ಬರಿಯಾಕ ಕಾರಣ, ಅಂಗಡಿ ಸುದ್ದಿ ನಿನಗ ಬ್ಯಾರೆ ಬಾಯಿಂದ ಗೊತ್ತಾಗೂದು ಬ್ಯಾಡ. ನಮ್ಮ ಅರಿವಿ ಅಂಗಡಿ ಬಿತ್ತು. ನಾಗರ ಪಂಚಮಿ ಮಳಿ ಹೊಡತಕ್ಕ ರಸ್ತಾದ ಕಡೆ ಗ್ವಾಡಿ ಕುಂತು ಬಿಟ್ಟಿತು. ಯಾರಿಗೂ ಏನೂ ಆಗಲಿಲ್ಲ. ಅಂಗಡಿ ಮುಂದಿನ ಕಟ್ಟಿ ಮ್ಯಾಲೆ ಹೊಲಿಗಿ ಮಷಿನ್ ಇಟಗೊಂಡು ಕುಂದರತಿದ್ದ ದರ್ಜಿ ಹಜರತಅಲಿ ಆಗ ಚಾ ಕುಡಿಯಾಕ ಹ್ವಾಗಿದ್ದ, ಮಷಿನ್ ಒಂದು ಮಣ್ಣಾಗ ಹೂತಿತ್ತು, ತಗದು ಒರಸಿದ ಮ್ಯಾಲೆ ಮತ್ತ ಓಡಿತು. ಉಳದ ಅರಿವಿ ಎಲ್ಲಾ ಮನಿ ಪಡಸಾಲ್ಯಾಗ ಒಟ್ಟೇನಿ. ಗಿರಾಕಿ ಮನಿತನಕ ಬರಾಕ ನಾಚತಾವ, ಆಡೂರ ಕಡೆ ಹೆಣ್ಣಮಕ್ಕಳಂತೂ ಬಾಗಲಾ ನೋಡಿ ತಿರಿಗಿ ಹೋಗತಾರ.

ಬಿದ್ದದ್ದನ್ನ ಮತ್ತ ಎಬ್ಬಸಾಕ ಯಾರಪ್ಪನ ಪರವಾನಿಗಿ ಅಂತ ನಾ ಕಲ್ಲು ತರಸಿ ಹಾಕಸಿದೆ. ಮರುದಿನ ಮುನಸಿಪಾಲಿಟಿ ಓವರ್ಸಿಯರ್ ಜಯತೀರ್ಥ ಅನ್ನಾಂವ ಬಂದು ನಿಂತ. ಹೊಸಾ ಹುಡುಗ, ಧಾರವಾಡ ಕಡೆಯಾಂವ, ದನಿ ಮೆತ್ತಗ, ಆದರ ಒಂದು ಇಂಚೂ ಸರಿಯಾಂವಲ್ಲ. "ಹಳೇದು ಬಿದ್ದಮ್ಯಾಲೆ ಕಟ್ಟೂದು ಹೊಸಾದ ಆಗ್ತದ್ರಿ ಯಜಮಾನರ, ಹೊಸಾದಕ್ಕ ಕಾಯದೆ ಅದ" ಅಂದ. ರಸ್ತಾದಿಂದ ಐದು ಫೂಟು ಹಿಂದಕ್ಕ ಸರೀಬೇಕಂತ. ಮೋಟಾರು ಬರಾಕತ್ತಾವ, ನಾಳೆ ಇನ್ನೂ ದೊಡ್ಡಾವು ಬರತಾವಂತ. ಬುನಾದಿ ಗಟಾರಕ್ಕಿಂತ ಎರಡು ಫೂಟು ಎತ್ತರ ಬೇಕಂತ. ಹುಲ್ಲಿನ ಮಾಡು ನಡಿಯಂಗಿಲ್ಲ, ಹೆಂಚ ಬೇಕು, ಹೆಂಚಿನ ನೀರು ನಮ್ಮ ಜಾಗಾದಾಗ ಬೀಳಬೇಕು. ಬಾಗಲಾ ಒಳಗ ತೆರೀಬೇಕು, ಹೊರಗ ತೆರದರ ರಸ್ತಾಕ್ಕ ಬರತೈತಿ. ನನ್ನ ಬಾಗಲಾ ಯಾ ಕಡೆ ತೆರೀಬೇಕು ಅಂತ ಇಷ್ಟು ವಯಸ್ಸಾದ ಮ್ಯಾಲೆ ಒಬ್ಬ ಹುಡುಗನ್ನ ಕೇಳಬೇಕಾತು. ನಾ ಏನ ಅಂದೆ ಅಂತ ಇಲ್ಲಿ ಬರಿಯಂಗಿಲ್ಲ, ನಿಮ್ಮ ಚಿಗವ್ವನೂ ಓದತಾಳ.

ಐದು ಫೂಟು ಅಂದರ ಕಟ್ಟಿ ಪೂರಾ ಹ್ವಾತು. ಕಟ್ಟಿ ಹ್ವಾದರ ಹಜರತಅಲಿ ಎಲ್ಲಿ ಕುಂದರಬೇಕು. ಅವರಪ್ಪನ ಕಾಲದಿಂದ ಅವರು ಅಲ್ಲೇ ಹೊಲಕೋತ ಬಂದಾರ. ಇದನ್ನ ಹಿಡಕೊಂಡು ಓವರ್ಸಿಯರನ ಕೂಡ ನಾ ಜಗಳಾ ತಗದರ, ಹಜರತಅಲಿನ ನನ್ನ ತೋಳು ಹಿಡದು "ಬಿಡ್ರಿ ಸಾವಕಾರ್ರ, ಕಾಯದೆದಾಗ ಖಿಡಕಿ ದೊಡ್ಡಾದು ಇಡಬೇಕಂತ ಐತಲ್ರಿ, ಆ ಖಿಡಕಿ ಒಳಗ ನನಗ ಜಾಗಾ ಕೊಡ್ರಿ. ಬಿಸಲಾಗ ಕುಂತು ಕುಂತು ನಾನೂ ಕರ್ರಗಾಗೇನಿ" ಅಂದ. ತನ್ನ ಸಲುವಾಗಿ ಜಗಳಾಡೋನ ಬಾಯಿ ಹಿಂಗ ಮುಚ್ಚಸೋ ಮನಶ್ಯಾನ ಮೊದಲ ಸಲ ನೋಡಿದೆ. ಸಿಟ್ಟು ಎಲ್ಲಿ ಹಾಕಲಿ ಅಂತ ತಿಳೀದ ಮನಿಗೆ ಬಂದು ನಿಮ್ಮವ್ವನ ಮ್ಯಾಲೆ ಹಾಕಿದೆ. ಅಕಿ ರೊಟ್ಟಿ ಬಡೀಕೋತ "ಆತ್ರ್ಯಾ? ಕೈ ತೊಳಕೊಂಡು ಬರ್ರಿ" ಅಂದಳು.

ಕಡೀಕ ಹುಬ್ಬಳ್ಳಿಗೆ ಹ್ವಾಗಿ ನಕಾಶೆ ಬರಸಿದೆ. ನೀಲಿ ಕಾಗದ, ಬಿಳಿ ಗೆರಿ, ನಮ್ಮ ಅಂಗಡಿ ಅದರಾಗ ನಮ್ಮದಲ್ಲ ಅನ್ನೋವಂಗ ಕಾಣತಿತ್ತು. ಓವರ್ಸಿಯರ ಎರಡು ಸಲ ತಿದ್ದಿಸಿದ, ಒಮ್ಮೆ ಖಿಡಕಿ ಸಣ್ಣದಾತು, ಒಮ್ಮೆ ಗಟಾರ ತೋರಸಿಲ್ಲ ಅಂತ. ಆಮ್ಯಾಲೆ ಮಂಜೂರಿ ಶಿಕ್ಕಾ ಬಿತ್ತು. ಯುಗಾದಿಯೊಳಗ ಬಾಗಲ ಚೌಕಟ್ಟು ನಿಂದರಬೇಕು, ಇಲ್ಲಂದರ ಶಿಕ್ಕಾ ರದ್ದು, ಮತ್ತ ಮೊದಲಿಂದ ಅರ್ಜಿ. ಅಷ್ಟರಾಗ ಮಳಿಗಾಲ, ಅಷ್ಟರಾಗ ಇದ್ದ ಗಿರಾಕಿ ಸವಣೂರ ಪ್ಯಾಟಿ ಪಾಲು.

ಆತು ಅಂತ ಬಡಿಗೇರ ಗೋಣೆಪ್ಪನ್ನ ಕರಸಿದೆ. ಇಲ್ಲೇ ನಾ ಕೆಟ್ಟದ್ದು. ಅವನ್ನ ಮೊದಲ ಕರೀಬೇಕಿತ್ತು. ನೀ ನಗತಿ, ನನಗ ಗೊತ್ತೈತಿ, ಆದರೂ ಕೇಳು. ಗೋಣೆಪ್ಪ ಕಟ್ಟಡ ಅಳಿಯೂದು ಫೂಟಿನಿಂದ ಅಲ್ಲ, ಯಜಮಾನನ ಮೊಳದಿಂದ, ಮೊಣಕೈಯಿಂದ ನಡು ಬೆರಳ ತುದೀತನಕ. ಉದ್ದಕ್ಕ ಅಗಲಾ ಗುಣಸಿ, ಎಂಟೆಂಟು ತಗದು, ಉಳದದ್ದು ಯಾವ ಪ್ರಾಣಿ ಅಂತ ನೋಡತಾನ, ಅದಕ್ಕ ಆಯ ಅಂತಾನ. ಆನಿ, ಎತ್ತು, ಸಿಂಹ ಬಂದರ ಚೊಲೋ. ಕತ್ತಿ, ಕಾಗಿ, ನಾಯಿ ಬಂದರ ಅಲ್ಲಿ ಉಳಿ ಇಡಂಗಿಲ್ಲ. ಹಳೇ ಅಂಗಡಿ ನನ್ನ ಕೈಗೆ ಸಿಂಹ ಇತ್ತು. ಐದು ಫೂಟು ಕಡಿದ ಮ್ಯಾಲೆ ಅಳದ, ಮತ್ತೊಮ್ಮೆ ಅಳದ, ಬೀಡಿ ಹಚ್ಚಿದ. ಏನು ಬಂತೋ ಅಂದೆ. "ನಾಯಿರಿ" ಅಂದ. ನಕಾಶೆದಾಗ ಎಲ್ಲಾ ಫೂಟು ಇತ್ತವ್ವಾ, ಫೂಟಿನ್ಯಾಗ ನಾಯಿ ಕಾಣಂಗಿಲ್ಲ.

ಓವರ್ಸಿಯರನ್ನ ಕರಕೊಂಡು ಬಂದೆ. ಒಂದು ಮೊಳ ಕಡಿಮಿ ಕಟ್ಟತೇನಿ ಬಿಡಪಾ, ಜಾಗಾ ಹೋಗೂದು ನಂದು ಅಂದೆ. ಅದೂ ಬರಂಗಿಲ್ಲಂತ. ಶಿಕ್ಕಾ ಬಿದ್ದ ನಕಾಶೆಗಿಂತ ದೊಡ್ಡದು ಕಟ್ಟಿದರೂ ತಪ್ಪು, ಸಣ್ಣದು ಕಟ್ಟಿದರೂ ತಪ್ಪು. ಅಂವ ಒಂದು ತುದಿಗೆ ಟೇಪು ಹಿಡಕೊಂಡು, ಗೋಣೆಪ್ಪ ಇನ್ನೊಂದು ತುದಿಗೆ ದಾರ ಹಿಡಕೊಂಡು, ಇಬ್ಬರೂ ಅದ ಜಾಗಾ ಅಳದರು, ಇಬ್ಬರದೂ ಸರಿ ಬಂತು. ಗೋಣೆಪ್ಪ "ನಾಯಿ ಆಯದ ಬಾಗಲಾ ನಿಂದರಸಂಗಿಲ್ರಿ, ಬೇಕಾದರ ನನ್ನ ಬಾಚಿ ನೀವ ಇಟಗೊಳ್ರಿ" ಅಂತ ಬಾಚಿ ನನ್ನ ಮುಂದ ಇಟ್ಟ. ಹುಡುಗ ನಗತಾನ ಅಂತ ನಾ ಕೈ ಬಿಗಿ ಹಿಡಕೊಂಡು ನಿಂತಿದ್ದೆ. ನಗಲಿಲ್ಲ. "ನಮ್ಮನೀನೂ ನಮ್ಮಜ್ಜನ ಕೈ ಅಳತೀಲೇನ ಕಟ್ಟಿದ್ದು. ಆದ್ರ ಐದು ಫೂಟು ಅಂದ್ರ ಐದು ಫೂಟನ. ಆ ಕಾಗದದಾಗ ಮಾಲಕರ ಹೆಸರೊಂದು ಬಿಟ್ಟು ಏನೂ ತಿದ್ದಲಿಕ್ಕೆ ಬರೂದಿಲ್ಲ್ರಿ" ಅಂದ. ಹೆಸರು ತಿದ್ದಿ ನಾಯೀನ ಓಡಸಾಕ ಬರತೈತೇನು ಅಂತ ಬೈದು ಕಳಸಿದೆ.

ಅಂವ ಹ್ವಾದ ಮ್ಯಾಲೆ ಗೋಣೆಪ್ಪ ಗಡ್ಡಾ ಕೆರಕೊಂಡು ಹೇಳಿದ. ಜಾಗಾ ಬದಲಾಗದಿದ್ದರ ಕೈ ಬದಲಾದರೂ ನಡೀತೈತಿ. ನನ್ನ ಕೈ ಉದ್ದ, ಇದಕ್ಕಿಂತ ಗಿಡ್ಡ ಕೈ ಇದ್ದರ ಅದ ಜಾಗಾದಾಗ ಮೊಳ ಹೆಚ್ಚು ಕುಂದರತಾವ, ಲೆಕ್ಕಾ ಬ್ಯಾರೆ ಬಂದೀತು. ಆದರ ಸಿಕ್ಕವರ ಕೈ ನಡಿಯಂಗಿಲ್ಲ. ಯಾರ ಕೈಯಿಂದ ಅಳೀತೇವೋ ಅವರ ಅಂಗಡಿ ಯಜಮಾನರಾಗಬೇಕು, ಕಾಗದದಾಗೂ ಅವರ ಹೆಸರ ಇರಬೇಕು.

ಈ ಮಾತು ಊರಾಗ ಹೆಂಗ ಹರಡಿತೋ, ಮೂರನೇ ದಿನಕ್ಕ ಶಿಗ್ಗಾಂವಿಂದ ನಮ್ಮಣ್ಣನ ಮಗ ನಾಗಪ್ಪ ಬಂದಿಳದ. ಕಾಲ ಮುಟ್ಟಿ ನಮಸ್ಕಾರ ಮಾಡಿದ, ಎಂದೂ ಮಾಡಿದಾಂವಲ್ಲ. "ಕಾಕಾ, ನಿಮ್ಮ ಕೈ ಬ್ಯಾರೆ ನನ್ನ ಕೈ ಬ್ಯಾರೆ ಏನ್ರಿ? ನಾ ಇರೂವಾಗ ನೀವ್ಯಾಕ ಚಿಂತಿ ಮಾಡತೀರಿ" ಅಂತ ಅಂಗಿ ತೋಳು ಮಡಚಿ ಗೋಣೆಪ್ಪನ ಮುಂದ ಕೈ ಚಾಚಿದ. ನಿಮ್ಮವ್ವ ಬಾಗಲದಾಗ ನಿಂತು "ಚಾಚೂದು ಅವಗ ರೂಢಿ ಐತಿ" ಅಂದಳು, ಸಣ್ಣ ದನೀಲೆ, ಆದರ ಎಲ್ಲಾರಿಗೂ ಕೇಳೂವಂಗ. ಗೋಣೆಪ್ಪ ಅಳದ. ನಾಗಪ್ಪನ ಕೈಗೆ ಎತ್ತಿನ ಆಯ ಬಂತು. ಕುಂತವರೆಲ್ಲಾ ಚೊಲೋ ಆತು ಅಂದರು. ಗಂಡಮಗ, ಮನೆತನದಾಂವ, ಶಿಗ್ಗಾಂವದಾಗ ಅಂಗಡಿ ನಡಸಿ ಗೊತ್ತಿದ್ದಾಂವ. ನಾನೂ ತಲಿ ಅಲ್ಲಾಡಸಿದೆ. ಸೋಮವಾರ ಮುಂಜಾನೆ ಕಾಯಿ ಒಡದು ಚೌಕಟ್ಟು ನಿಂದರಸೂದು ಅಂತ ಆತು. ಅಂವ ಹೋಗೂ ಮುಂದ ಖಾಲಿ ಜಾಗಾದಾಗ ನಿಂತು, ತಾ ಕುಂದರೂ ಗಾದಿ ಎಲ್ಲಿ ಹಾಕೂದು ಅಂತ ಕಾಲಿಲೆ ಗೆರಿ ಕೊರದ.

ಅವತ್ತಿಂದ ನನಗ ಒಂದು ಕಡೆ ಕುಂದರಾಕ ಆಗವಲ್ಲದು. ಉಣ್ಣಾಕ ಕುಂತರ ಎದ್ದು ಜಾಗಾದ ಕಡೆ ಹೋಗತೇನಿ, ಜಾಗಾದಾಗ ನಿಂತರ ಮನಿ ನೆನಪಾಗತೈತಿ. ಆ ಗೆರಿ ಕಾಲಿಲೆ ಅಳಸೇನಿ, ಮರುದಿನ ನೋಡಿದರ ಹಂಗ ಕಾಣತೈತಿ. ನಾಗಪ್ಪಂದು ತಪ್ಪೇನಿಲ್ಲ. ಕರದರ ಬಂದಾನ, ಅಲ್ಲ, ಕರೀದನ ಬಂದಾನ, ಬಂದದ್ದು ಖರೆ.

ಒಂದು ಮಾತು ತಲ್ಯಾಗ ಸುತ್ತಾಕತ್ತೇತಿ. ನಿನ್ನ ಗಂಡ ತೀರಿಕೊಂಡ ಮ್ಯಾಲೆ ನೀ ನಮ್ಮ ಅಂಗಡ್ಯಾಗ ಕುಂತಿ, ಗಿರಾಕಿ ಹೆಣ್ಣಮಕ್ಕಳು ನಿನ್ನ ಮೊಳ ಗಿಡ್ಡ, ಸಾವಕಾರ್ರ ಕೈಲೇನ ಅಳೀಲಿ ಅಂತ ಗದ್ದಲ ಹಾಕತಿದ್ದರು. ಅದಕ್ಕ ನೀ ಹುಬ್ಬಳ್ಳಿಯಿಂದ ಅರಿವಿ ಅಳಿಯೋ ಕಬ್ಬಿಣದ ಗಜ ತರಸಿದಿ. ಟ್ರಂಕು ತುಗೊಂಡು ಹ್ವಾದ ದಿನ ಆಡೂರ ಗಿರಾಕಿ ಮುಂದ ನೀ "ಅಪ್ಪನ ಕೈ ಮುಂಜಾನೆ ಒಂದು, ಸಂಜಿಕೆ ಒಂದು" ಅಂದಿ. ನಾನೂ ಅಂದೆ, ಗಾದಿ ನಂದು, ಕೈ ನಂದು, ಇಲ್ಲಿ ನಿಂದೇನೈತಿ ಅಂತ. ಅಂದದ್ದು ಅಂದದ್ದು, ಈಗ ಅದನ್ನ ತಿದ್ದಾಕ ನನಗ ಬರಂಗಿಲ್ಲ. ಮಂದಿ ಮುಂದ ನೀ ಹಂಗ ಅನಬಾರದಿತ್ತು, ಅದೂ ಖರೆ.

ಅರಿವಿ ಬೆಚ್ಚಗಿರೋದು ಉಟಗೊ. ಕೆಮ್ಮಿಗೆ ತಣ್ಣೀರು ಕುಡೀಬ್ಯಾಡ. ಫಕ್ಕೀರವ್ವಗ ನಮ್ಮಿಬ್ಬರ ಶರಣು ಹೇಳು. ಹಜರತಅಲಿ ನಿನ್ನ ಕೇಳಿದ. ಆ ಬಸವಣ್ಣ ನಿನ್ನ ಬೆನ್ನಿಗಿರಲಿ, ನಿಮ್ಮವ್ವಂದೂ ಅದ ಮಾತು.

ನಿಮ್ಮಪ್ಪ
ಕರಬಸಪ್ಪ

ತಾ.ಕ. ಕಾಗದ ಮಡಚಿ ಇಟ್ಟಿದ್ದೆ. ನಿಮ್ಮವ್ವ ಸಂದೂಕದಿಂದ ಕೆಂಪು ಅರಿವಿ ತುಂಡೊಂದು ತಂದು ಗೋಣೆಪ್ಪನ ಕೈಯಾಗ ಕೊಟ್ಟಳು, ನೀ ಹೋಗೂ ದಿನ ಆಡೂರ ಗಿರಾಕಿಗೆ ಅಂತ ಗಜಾ ಬಿಟ್ಟು ನಿನ್ನ ಕೈಲೇನ ಒಂದು ಮೊಳ ಅಳದು ಹರದು ಅಲ್ಲೇ ಬಿಟ್ಟದ್ದು. ಇಷ್ಟು ದಿನ ಇಟಗೊಂಡಾಳ, ನನಗ ಹೇಳಿಲ್ಲ. ಅದರಿಂದ ಅಳದರ ಆನಿ ಬಂತು. ಗೋಣೆಪ್ಪ ಹೆಣ್ಣಮಗಳ ಕೈಯಿಂದ ಎಂದೂ ಅಳದಿಲ್ಲ ಅಂದ. ಆನಿ ಬಂದೇತೋ ಇಲ್ಲೋ ಅಷ್ಟ ಹೇಳು ಅಂದೆ. ಬಂದೇತಿ ಅಂದ. ಅಲ್ಲಿಂದ ಸೀದಾ ಓವರ್ಸಿಯರನ ಕಡೆ ಹ್ವಾಗಿ ಜಾಗಾಕ್ಕೂ ನಕಾಶೆಕ್ಕೂ ನಿನ್ನ ಹೆಸರು ಹಚ್ಚಾಕ ಅರ್ಜಿ ಕೊಟ್ಟು ಬಂದೇನಿ. ನಿನ್ನ ಸಹಿ ಬೇಕಂತ. ಇಲ್ಲಿ ನಿಂದೇನೈತಿ ಅಂತ ಕೇಳಿದ್ದೆ, ಸಹಿ ಮಾಡಿದರ ಐತಿ. ನಾಗಪ್ಪಗ ನಾ ಹೇಳತೇನಿ, ಅದು ನನ್ನ ಕೆಲಸ. ಮೆಣಸಿನಕಾಯಿ ವ್ಯಾಪಾರಿ ಗಾಡಿ ಹೂಡಾಕತ್ತಾನ, ಇದನ್ನೂ ಜೇಷ್ಠಮಧುವಿನ ಗಂಟನ್ನೂ ಅವನ ಕೂಡ ಕಳಸೇನಿ. ಕಬ್ಬಿಣದ ಗಜಕ್ಕ ತುಕ್ಕು ಹಿಡೀಬಾರದಂತ ಎಣ್ಣಿ ಹಚ್ಚಿ ಇಟ್ಟೇನಿ, ಮತ್ತೇನಿಲ್ಲ. ನಿನ್ನ ಮೊಳಕ್ಕ ದಾರ ಹಿಡದು ಕತ್ತರಿಸಿ ಲಕೋಟಿದಾಗ ಕಳಸು ಅಂತ ಬರಿಯಾಂವ ಇದ್ದೆ. ಅರಿವೀನೂ ಜಗ್ಗತೈತಿ, ದಾರಾನೂ ಜಗ್ಗತೈತಿ, ಚೌಕಟ್ಟು ನಿಂದರಸೂ ಮುಂದ ಕೈನ ಬೇಕು ಅಂತ ಗೋಣೆಪ್ಪ ಹಟಾ ಹಿಡದಾನ. ಐತವಾರದ ಮೋಟಾರಿಗೆ ಕುಂತರ ಸೋಮವಾರಕ್ಕ ಸಿಗತಿ. ದಾರ ಬ್ಯಾಡ, ಕೈ ತುಗೊಂಡು ಬಾ.