ಬೀಟ್‌ರೂಟಿನ ಬಣ್ಣ

ಲೀಡ್ಸ್, ಮೇ ೧೯೪೩

ಪ್ರೀತಿಯ ಸಿರಿಲ್,

ನಿನ್ನ ಮುಖದ ಬ್ಯಾಂಡೇಜು ಬಿಚ್ಚಿದರೆಂದು ನರ್ಸ್ ಬರೆದಿದ್ದಾರೆ. ‘ನೋಡಲು ಬರಬೇಡ’ ಎಂಬ ನಿನ್ನ ಕಾಗದವೂ ತಲುಪಿತು. ಶನಿವಾರ ಬರುತ್ತಿದ್ದೇನೆ.

ರೇಷ್ಮೆಯೆಲ್ಲ ಯುದ್ಧದ ಪ್ಯಾರಾಚೂಟಿಗೆ ಹೋಗಿ ನಮಗೆ ಉದ್ದ ಕಾಲುಚೀಲ ಸಿಗುತ್ತಿಲ್ಲ. ತೊಟ್ಟಂತೆ ಕಾಣಲೆಂದು ಕಾಲಿಗೆ ಚಹಾ ಬಳಿದುಕೊಂಡು, ಹಿಂದೆ ಹೊಲಿಗೆಯಂತೆ ಗೆರೆ ಎಳೆದುಕೊಳ್ಳುತ್ತೇವೆ. ಬಣ್ಣ ಹಚ್ಚಿದವರನ್ನು ಕಂಡರಾಗದ ನಿನ್ನ ಅಪ್ಪ ನಿನ್ನೆ ತಾವೇ ಬಡಗಿ ಪೆನ್ಸಿಲ್ ತಂದು ನನ್ನ ಕಾಲಿಗೆ ಗೆರೆ ಎಳೆದು ನೋಡಿದರು. “ಅಲ್ಲಾಡಬೇಡಮ್ಮ, ಸೊಟ್ಟಗಾದ್ರೆ ಮಗ ನನ್ನ ಕೆಲಸಾನೇ ಆಡ್ಕೋತಾನೆ” ಎಂದರು. ಗೆರೆ ನೂಲು ಹಿಡಿದಂತಿತ್ತು.

ಲಿಪ್‌ಸ್ಟಿಕ್ಕೂ ಇಲ್ಲ, ತುಟಿಗೆ ಬೀಟ್‌ರೂಟ್ ಉಜ್ಜಿಕೊಂಡು ಬರುತ್ತೇನೆ. ನೋಯದ ಜಾಗ ನೋಡಿ ಮುತ್ತಿಡುತ್ತೇನೆ, ಬಣ್ಣ ಅಂಟುತ್ತದೆ. ಸುಟ್ಟಗಾಯದ ವಾರ್ಡಿನಲ್ಲಿ ಕನ್ನಡಿ ಇಡುವುದಿಲ್ಲವಂತೆ. ಬೇಕಾಗಿಲ್ಲ. ಎಲ್ಲೆಲ್ಲಿ ಅಂಟಿದೆಯೋ ನಾನೇ ನೋಡಿ ಒರೆಸುತ್ತೇನೆ.

ಒಂದು ಒದ್ದೆ ಕರವಸ್ತ್ರ ಮಾತ್ರ ಸಿದ್ಧವಿಟ್ಟಿರು.

ನಿನ್ನವಳೇ ಆದ
ಈನಿಡ್